ಕಸ್ತೂರಿಯ ಮೀನು, ಅಜ್ಜಾರ ಮೊಸರು

ಮಲಪ್ರಭೆಯ ದಂಡೆಯಲ್ಲೊಂದು ಮಠ. ಅಲ್ಲಿಗೆ ಕಸ್ತೂರಿ ಬಂದದ್ದು ಒಂದು ಬಟ್ಟೆಗಂಟು, ಒಂದು ಗಾಜಿನ ತೊಟ್ಟಿ, ಮತ್ತು ಕೊಡದ ತುಂಬ ಮೀನು ಹಿಡಿದುಕೊಂಡು.

ಮೀನುಗಳು ಅವಳ ಗಂಡ ಮುರಿಗೆಪ್ಪ ಸಾಕಿದ್ದವು. ಅವನು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

ಮಠದ ಹಿರಿಯರನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರು ತೊಟ್ಟಿಯನ್ನೊಮ್ಮೆ, ಅವಳನ್ನೊಮ್ಮೆ ನೋಡಿ ನಕ್ಕರು.

“ಮಠಕ್ಕ ಮಂದಿ ಎಲ್ಲಾ ಬಿಟ್ಟು ಬರ್ತಾರ, ತಂಗಿ. ನೀ ಸಂಸಾರನ ಕಟ್ಕೊಂಡು ಬಂದೀಯಲ್ಲ.”

“ಬಾಕಿ ಎಲ್ಲಾ ಬಿಟ್ಟೀನ್ರಿ ಅಜ್ಜಾರ. ದವಾಖಾನ್ಯಾಗ ಕಡೀಗೆ ಅವರು ಹೇಳಿದ್ದು ಒಂದ ಮಾತು, ‘ಮೀನು ನೋಡ್ಕೋ’ ಅಂತ. ಅದಕ್ಕ ಇವನ್ನ ಬಿಡಾಕ ಆಗಲಿಲ್ಲ. ನನಗ ಎಲ್ಲಾ ಮರೆಯೂದು ಕಲಸ್ರಿ.”

ಗಂಟಿನಲ್ಲಿ ಏನಿದೆ ಎಂದು ಅಜ್ಜಾರು ಕೇಳಲಿಲ್ಲ. “ಮೊದಲ ಅಂಗಳದ ಕಸಾ ಹೊಡಿ” ಎಂದರು.

ಕಸ್ತೂರಿ ಕಸ ಹೊಡೆದಳು, ನೆಲ ಸಾರಿಸಿದಳು, ಕಂಬಗಳನ್ನೂ ಬಿಡದೆ ಒರೆಸಿದಳು. ಅವಳ ಕಣ್ಣಿಗೆ ಬಿದ್ದ ಪಾತ್ರೆ ಎರಡು ಸಲ ತೊಳೆಸಿಕೊಳ್ಳದೆ ಪಾರಾಗುತ್ತಿರಲಿಲ್ಲ.

ಮೀನಿನ ತೊಟ್ಟಿಯನ್ನಂತೂ ಬೆಳಗಾದರೆ ಸಾಕು, ಪೂರ್ತಿ ಬರಿದು ಮಾಡುತ್ತಿದ್ದಳು. ಗಾಜು ತಿಕ್ಕಿ, ತಳದ ಹರಳುಗಳನ್ನು ಕುದಿಯುವ ನೀರಲ್ಲಿ ಅದ್ದಿ ತೆಗೆದು, ಹೊಸ ನೀರು ತುಂಬುತ್ತಿದ್ದಳು. ತೊಟ್ಟಿಯಲ್ಲಿ ನೀರಿದೆಯೋ ಇಲ್ಲವೋ ಎನ್ನುವಷ್ಟು ತಿಳಿಯಾಗಿರುತ್ತಿತ್ತು.

ಮೀನುಗಳು ಮಾತ್ರ ಒಂದೊಂದಾಗಿ ಸಾಯತೊಡಗಿದವು.

ಸತ್ತಾಗೆಲ್ಲ ಅವಳು ಇನ್ನಷ್ಟು ಜೋರಾಗಿ ತಿಕ್ಕಿದಳು. ಕೊನೆಗೆ ಕೆಂಚ ಎಂಬ ಒಂದೇ ಒಂದು ಮೀನು ಉಳಿಯಿತು. ಆ ಹೆಸರು ಮುರಿಗೆಪ್ಪನೇ ಇಟ್ಟದ್ದು. ಅದೂ ಒಂದು ಬೆಳಿಗ್ಗೆ ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಒದ್ದಾಡುತ್ತಿತ್ತು.

ಕಸ್ತೂರಿ ಒದ್ದೆ ಕೈಯಲ್ಲೇ ಅಜ್ಜಾರ ಹತ್ತಿರ ಓಡಿದಳು.

“ಅಜ್ಜಾರ, ಇದೊಂದನ್ನರ ಉಳಸ್ರಿ. ಇದೂ ಹೋದ್ರ ನಾ ಅವರಿಗೆ ಕೊಟ್ಟ ಮಾತು ಹೋಗ್ತೈತಿ. ಎಲ್ಲೆ ಹೊಲಸು ಉಳದೈತೋ ತಿಳೀವಲ್ದು. ಇನ್ನೂ ಹೆಂಗ ತೊಳೀಲಿ, ಹೇಳ್ರಿ.”

ಬಿಸಿನೀರಲ್ಲಿ ಸೀಳುಬಿಟ್ಟ ಅವಳ ಕೈಗಳನ್ನು ಅಜ್ಜಾರು ನೋಡಿದರು. ಅವರಿಗೆ ಸಂಕಟವಾಯಿತು.

“ಇವತ್ತ ಅದರ ನೀರು ಮುಟ್ಟಬ್ಯಾಡ. ಸಂಜಿಗೆ ಅಡಗಿಮನಿಗೆ ಬಾ. ಮೊಸರಿಗೆ ಹಾಲು ಮುಚ್ಚಿಡೂದೈತಿ.”

“ಮೀನು ಸಾಯಾಕತ್ತೈತ್ರಿ! ನೀವು ಮೊಸರು ಅಂತೀರಲ್ರಿ?”

“ನನಗ ಮೊಸರು ತಿಳೀತೈತಿ, ಮೀನು ತಿಳಿಯಂಗಿಲ್ಲ. ಏನ್ಮಾಡ್ಲಿ?”

ಸಂಜೆ ಹಾಲು ಕಾದು ಬೆಚ್ಚಗಾಗಿತ್ತು. ಕಸ್ತೂರಿ ಹೆಪ್ಪಿಗೆಂದು ಉಳಿಸಿದ್ದ ಮೊಸರಿನ ಬಟ್ಟಲನ್ನು ಕೈಗೆತ್ತಿಕೊಂಡಳು. ಅಜ್ಜಾರು ಅದನ್ನು ಇಸಿದುಕೊಂಡು ಮಠದ ಬೆಕ್ಕಿನ ಮುಂದಿಟ್ಟರು. ಬೆಕ್ಕು ಎರಡನೇ ಮಾತಿಲ್ಲದೆ ನೆಕ್ಕಿ ಮುಗಿಸಿತು.

“ಅಯ್ಯ! ಹೆಪ್ಪಿಗೆ ಇಟ್ಟಿದ್ನಲ್ರಿ!”

“ಅದು ನಿನ್ನಿ ಮೊಸರು, ಹುಳಿ ಬಂದಿತ್ತು. ಇಂಥಾ ಬೆಳ್ಳನ ಹಾಲಿಗೆ ಹಳೇದು ಯಾಕ? ಪಾತ್ರಿ ಚೊಲೋ ತೊಳದೀಯಲ್ಲ, ಹಂಗ ಮುಚ್ಚಿಡು.”

“ಹೆಪ್ಪು ಇಲ್ಲದ ಮೊಸರಾಗ್ತೈತೇನ್ರಿ?”

“ನಿನ್ನ ಕೈಗುಣ. ಆದ್ರೂ ಆದೀತು.”

ಚಳಿಗಾಲ. ಬೆಳಿಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು. ಊಟಕ್ಕೆ ಕುಳಿತವರು ರೊಟ್ಟಿಗೆ ಮೊಸರಿಲ್ಲವೆಂದು ಗೊಣಗಿದರು. ಎಲ್ಲರಿಗಿಂತ ಜೋರಾಗಿ ಗೊಣಗಿದವರು ಅಜ್ಜಾರೇ.

“ಹೋಗು ತಂಗಿ, ಯಾರ ಮನ್ಯಾಗರ ಒಂದಿಷ್ಟು ಹೆಪ್ಪು ಇಸ್ಕೊಂಡು ಬಾ.”

ಕಸ್ತೂರಿ ಹೋದಳು. ಪಕ್ಕದ ಮನೆಯವರು ಕೊಟ್ಟ ಚೂರು ಮೊಸರಿಗೆ ಸೆರಗು ಮುಚ್ಚಿ, ತುಳುಕದ ಹಾಗೆ ಹಿಡಿದುಕೊಂಡು ಬಂದಳು. ಮಠದ ಅಂಗಳದಲ್ಲಿ ಅವಳ ಕಾಲು ನಿಂತುಬಿಟ್ಟಿತು.

ಬಾವಿಯ ಪಕ್ಕ ದನ ನೀರು ಕುಡಿಯುವ ಕಲ್ಲಿನ ದೋಣಿ ಇತ್ತು. ಅದನ್ನು ಯಾರೂ ಪೂರ್ತಿ ಬರಿದು ಮಾಡಿದ್ದಿಲ್ಲ. ದನ ಕುಡಿದು ಕಡಿಮೆಯಾದಷ್ಟು ನೀರನ್ನು ಸೇದಲು ಬಂದವರು ಸುರಿದು ಹೋಗುತ್ತಿದ್ದರು. ಒಳಗೋಡೆಗೆ ಪಾಚಿ, ತಳದಲ್ಲಿ ಬಿದ್ದ ಕಲ್ಲುಗಳಿಗೆ ಲೋಳೆ. ಬಾವಿಯಿಂದ ಕೊಡದಲ್ಲಿ ಬಂದು ಯಾವ ಕಾಲದಿಂದಲೋ ಆ ನೀರಲ್ಲಿದ್ದ ಮೀನುಗಳು ದುಂಡಗೆ ಆಡುತ್ತಿದ್ದವು.

ಕಸ್ತೂರಿ ದೋಣಿಯನ್ನು ನೋಡಿದಳು. ಕೈಯಲ್ಲಿದ್ದ ಬಟ್ಟಲನ್ನು ನೋಡಿದಳು. ಬಟ್ಟಲನ್ನು ದೋಣಿಯ ಅಂಚಿಗಿಟ್ಟು, ನೀರೊಳಗೆ ಕೈ ಹಾಕಿ ತಳದ ಲೋಳೆ ಮುಟ್ಟಿದಳು.

ಅಜ್ಜಾರು ಹೊರಗೆ ಬಂದರು. “ಏನಾತು ತಂಗಿ?”

“ನಾ ದಿನಾ ಹೆಪ್ಪನ್ನ ಚೆಲ್ಲಾಕತ್ತಿದ್ನಲ್ರಿ ಅಜ್ಜಾರ! ಹರಳಿಗೆ ಹತ್ತಿದ್ದ ಆ ಲೋಳಿಯಿಂದನ ನೀರು ಮೀನಿಗೆ ಒಗ್ಗತಿತ್ತೇನ್ರಿ?”

“ನನ್ನೇನ್ ಕೇಳ್ತಿ? ದೋಣ್ಯಾಗಿನ ಮೀನನ್ನ ಕೇಳು.”

ಅವಳು ಕೇಳುತ್ತ ಕೂರಲಿಲ್ಲ. ದೋಣಿಯ ತಳದಿಂದ ಲೋಳೆಗಟ್ಟಿದ ಕಲ್ಲುಗಳನ್ನು ಬೊಗಸೆ ತುಂಬ ತೆಗೆದು, ಕೆಂಚ ಇನ್ನೂ ಉಸಿರು ಹಿಡಿದಿದ್ದ ತೊಟ್ಟಿಗೆ ಇಳಿಸಿದಳು. ತೊಟ್ಟಿಯ ನೀರು ಸ್ವಲ್ಪ ತೆಗೆದು, ದೋಣಿಯ ನೀರು ಅಷ್ಟೇ ಸುರಿದಳು.

ಅವತ್ತಿನಿಂದ ತೊಟ್ಟಿ ಬರಿದಾಗಲಿಲ್ಲ. ವಾರಕ್ಕೊಮ್ಮೆ ಕಾಲುಭಾಗ ನೀರು ತೆಗೆಯುತ್ತಿದ್ದಳು. ಹಾಗೆ ತೆಗೆದ ಹಳೇ ನೀರಲ್ಲೇ ಹರಳುಗಳನ್ನು ಒಮ್ಮೆ ಅಲುಗಿಸಿ ಮತ್ತೆ ಹಾಕುತ್ತಿದ್ದಳು. ನೀರು ಕೆಡುತ್ತದೆಂದು, ಬಂದ ಭಕ್ತರು ಪುಣ್ಯಕ್ಕೆಂದು ಮೀನಿಗೆ ಮಂಡಕ್ಕಿ ಎಸೆಯುವುದನ್ನು ನಿಲ್ಲಿಸಿದಳು.

“ಸೋಮವಾರ ನಮ್ಮದು ಒಪ್ಪತ್ತು” ಎಂದರು ಅಜ್ಜಾರು. “ಕೆಂಚಂದು ಪೂರಾ ಉಪವಾಸ ಇರಲಿ. ನಮಗಿಂತ ದೊಡ್ಡ ಭಕ್ತ ಆಗ್ಲಿ.”

ದಿನಗಳು ಕಳೆದವು. ಒಂದು ಮುಂಜಾನೆ ಕಸ್ತೂರಿ ತೊಟ್ಟಿಯ ಹತ್ತಿರ ಹೋದಾಗ, ಕೆಂಚ ಬಾಲ ಕುಣಿಸುತ್ತ ಗಾಜಿನ ತನಕ ಬಂತು. ಮುರಿಗೆಪ್ಪ ಕರೆದಾಗ ಹೀಗೇ ಬರುತ್ತಿತ್ತು.

ಕಸ್ತೂರಿ ಅತ್ತಳು. ಮಠಕ್ಕೆ ಬಂದ ಮೇಲೆ ಅವಳು ಅತ್ತದ್ದು ಅದೇ ಮೊದಲು. ಅತ್ತು ಮುಗಿಸಿ, ಇಷ್ಟು ದಿನ ಬಿಚ್ಚದ ಗಂಟನ್ನು ಎದೆಗವಚಿಕೊಂಡು ಹೊಳೆಯ ದಂಡೆಗೆ ಬಂದಳು. ಅಜ್ಜಾರು ಬಿಸಿಲು ಕಾಯಿಸಿಕೊಳ್ಳುತ್ತ ಅಲ್ಲೇ ಕುಳಿತಿದ್ದರು.

“ಅಜ್ಜಾರ, ಎಲ್ಲಾ ಬಿಟ್ಟೀನಿ ಅಂತ ಅವತ್ತ ಸುಳ್ಳು ಹೇಳಿದ್ನಿರಿ. ಇವು ಅವರ ಬಟ್ಟಿ. ಇವತ್ತ ಎಲ್ಲಾನೂ ಹೊಳಿಗೆ ಬಿಡ್ತೀನಿ.”

“ಹೊಳ್ಯಾಗಿನ ಮೀನು ಅಂಗಿ ತೊಡ್ತಾವೇನ? ಚಳಿಗೆ ನಡುಗೋ ಮಂದಿಗೆ ಕೊಡು. ತಾ ಇಲ್ಲೆ.”

ಅಜ್ಜಾರು ಗಂಟು ಬಿಚ್ಚಿದರು. ಅಂಗಿ, ಧೋತರ, ಕಂಬಳಿ ಒಂದು ಕಡೆ ಇಟ್ಟರು. ತಳದಲ್ಲೊಂದು ಹಳೇ ಟವೆಲ್ಲು ಇತ್ತು, ಮುರಿಗೆಪ್ಪ ಮೀನು ಮುಟ್ಟಿದ ಕೈ ಒರೆಸಿ ಒರೆಸಿ ಮಾಸಿದ್ದು. ಎಲ್ಲವನ್ನೂ ಎರಡು ಸಲ ತೊಳೆಯುವ ಕಸ್ತೂರಿ ಅದನ್ನೊಂದನ್ನು ತೊಳೆದಿರಲಿಲ್ಲ.

ಅವಳು ನಾಚಿಕೆಯಿಂದ ಅದಕ್ಕೆ ಕೈ ಹಾಕಿದಳು. “ಹೊಲಸಾಗೇತ್ರಿ. ಒಗದು ಇದನ್ನೂ ಕೊಟ್ಟಬಿಡ್ತೀನಿ.”

ಅಜ್ಜಾರು ಟವೆಲ್ಲನ್ನು ಮಡಚಿ, ಅವಳ ಮಡಿಲಲ್ಲಿಟ್ಟರು.

“ಹೆಪ್ಪಿಗಷ್ಟು ಇಟ್ಕೋ, ತಂಗಿ.”