ಓತಿಕೇತ ಕಿವಿ ಕೊಟ್ಟಿದ್ದು

ಎದುರಾದ ಇರುವೆಗಳೆಲ್ಲ ಮುಖಕ್ಕೆ ಮುಖ ತಾಗಿಸಿ ಪಿಸುಗುಟ್ಟುವುದನ್ನು ಕಂಡು ಬೇಲಿಯ ಕಾವಲುಗಾರ ಓತಿಕೇತ ತಲೆಗೆ ಹುಳ ಬಿಟ್ಟುಕೊಂಡ.

"ನಿಮ್ಮಲ್ಲೊಬ್ಬ ಕಳ್ಳನಿರಬಹುದು. ಇನ್ನು ಮೇಲೆ ಪ್ರತಿ ಮಾತೂ ಮೊದಲು ನನ್ನ ಕಿವಿಗೆ ಬೀಳಬೇಕು!" ಎಂದು ಅಪ್ಪಣೆ ಹೊರಡಿಸಿದ.

"ಹಾಗೇ ಆಗಲಿ, ಧಣಿ" ಎಂದಿತು ಮುದಿ ಇರುವೆ.

ಬೇಲಿಯುದ್ದಕ್ಕೂ ಇರುವೆಗಳು ಸಾಲುಗಟ್ಟಿದವು.

"ಧಣಿ, ಅಲ್ಲಿ ಸಕ್ಕರೆ ಚೆಲ್ಲಿದೆ."

"ಧಣಿ, ನನ್ನ ಕಾಲು ಉಳುಕಿದೆ."

"ಧಣಿ, ನಮ್ಮತ್ತೆ ಮುನಿಸಿಕೊಂಡಿದ್ದಾಳೆ."

ಹೂಂಗುಟ್ಟಿ ಹೂಂಗುಟ್ಟಿ ಓತಿಕೇತ ಸುಸ್ತಾದ. ಕೊನೆಗೆ ಕೇಳುವುದನ್ನೇ ಬಿಟ್ಟು ಬರೀ ತಲೆಯಾಡಿಸುತ್ತ ಕೂತ.

"ಧಣಿ, ನಿಮ್ಮ ಬೆನ್ನ ಹಿಂದೆ ಕಾಗೆ ಬಂದಿದೆ" ಎಂದಿತು ಮುದಿ ಇರುವೆ.

"ಸರಿ ಸರಿ, ಮುಂದಿನವರು ಬನ್ನಿ!"

ಕಾಗೆ ಬಾಲಕ್ಕೆ ಕುಕ್ಕಿತು. ಓತಿಕೇತ ಎಗರಿ ಮುಳ್ಳಿನ ಪೊದೆಗೆ ಬಿದ್ದ.

"ಅಯ್ಯೋ, ಒಂದು ಮಾತು ಹೇಳಬಾರದಿತ್ತೇ?"

"ಎಲ್ಲರಿಗಿಂತ ಮೊದಲು ನಿಮಗೇ ಹೇಳಿದೆನಲ್ಲ, ಧಣಿ!" ಎಂದು ಹೇಳಿ ಮುದಿ ಇರುವೆ ಪಕ್ಕದವಳ ಮುಖಕ್ಕೆ ಮುಖ ತಾಗಿಸಿ ಮತ್ತೇನೋ ಪಿಸುಗುಟ್ಟಿತು.