ಕಲ್ಲುಗೋಡೆಯ ಮಾರ್ದನಿ

ಒಂದು ಸಂಗೀತಶಾಲೆಯ ಕಲ್ಲುಗೋಡೆಗೆ ತನ್ನ ಮಾರ್ದನಿಯ ಮೇಲೆ ಬಲು ಅಭಿಮಾನ. ತನ್ನ ಮೈಮೇಲೆ ತೂಗುತ್ತಿದ್ದ ದಪ್ಪ ಕಂಬಳಿ ಪರದೆಯನ್ನು ಕಂಡರೆ ಅದಕ್ಕೆ ಆಗುತ್ತಿರಲಿಲ್ಲ.

"ಎಲೈ ಕಂಬಳಿಯೇ, ಯಾರು ಹಾಡಿದರೂ ನುಂಗಿ ಕೂರುತ್ತೀಯಲ್ಲ! ನನ್ನ ಬಾಯಿಗೇಕೆ ಬಟ್ಟೆ ತುರುಕಿದ್ದೀಯೆ?"

"ಅಣ್ಣಾ, ಹಾಡುವವರು ಮುಂದಿನ ಸ್ವರ ಎತ್ತುವ ಹೊತ್ತಿಗೆ ಹಿಂದಿನದು ಅಡಗಿರಬೇಕು. ಇಲ್ಲದಿದ್ದರೆ ಜನ ಎದ್ದು ಹೋಗುತ್ತಾರೆ."

"ಮಾತಿಗೆ ಮಾತು ಕೊಡಲಾರದವನು ಮೂಗ," ಎಂದು ಗೋಡೆ ಮೂದಲಿಸಿತು.

ಆ ವರ್ಷ ಸುಣ್ಣ ಬಳಿಸಿದ ಯಜಮಾನ ಹಳೆಯ ಪರದೆಯನ್ನು ತೆಗೆಸಿ ಎತ್ತುಗಳಿಗೆ ಹೊದಿಸಿದ. ಮರುದಿನದ ಕಚೇರಿಯಲ್ಲಿ ಗೋಡೆ ಒಂದು ಸ್ವರವನ್ನೂ ಬಿಡದೆ ಮರಳಿಸಿತು. ಹಾಡು ಹಾಡಿನ ಮೇಲೆ ಬಿದ್ದು ಗದ್ದಲವಾಯಿತು.

"ನನ್ನ ತಾಳ ನನಗೇ ಸಿಗುತ್ತಿಲ್ಲ, ಯಜಮಾನರೇ. ಪರದೆ ಕಟ್ಟಿಸಿ," ಎಂದಳು ಗಾಯಕಿ ಚನ್ನವೀರಮ್ಮ.

"ಇಷ್ಟು ಬೆಳ್ಳಗಿನ ಗೋಡೆಗೆ ಮತ್ತೆ ಆ ಕಂಬಳಿಯೇ, ತಾಯಿ?"

ಆಕೆ ತಂಬೂರಿಗೆ ಗವಸು ಹಾಕಿ ಹೊರಟುಹೋದಳು. ಕೇಳುವವರೂ ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಕೂತ ಜನರ ಮೈಯೂ ಸೀರೆ ಶಾಲುಗಳೂ ಸದ್ದನ್ನು ಹೀರುತ್ತವೆ. ಹಾಗಾಗಿ ಜನ ಕಡಿಮೆಯಾದಷ್ಟೂ ಮಾರ್ದನಿ ಜೋರಾಯಿತು. ಗೋಡೆ ಅದನ್ನು ತನ್ನ ಏಳಿಗೆಯೆಂದೇ ತಿಳಿದು ಹಿಗ್ಗಿತು.

ಕೊನೆಗೆ ಯಜಮಾನ ಕುರ್ಚಿಗಳನ್ನೂ ಸಾಗಿಸಿ ಬಾಗಿಲು ಎಳೆದುಕೊಂಡ. ಆ ಸದ್ದನ್ನು ಗೋಡೆ ಹಿಂದೆಂದೂ ಇಲ್ಲದಷ್ಟು ಹೊತ್ತು ಮೊಳಗಿಸಿತು.

"ಕೇಳಿದಿರಾ?" ಎಂದು ಹೆಮ್ಮೆಯಿಂದ ಕೂಗಿತು.

"ಕೇಳಿದಿರಾ?" ಎಂದಿತು ಎದುರಿನ ಗೋಡೆ.

ಕೇಳಿದವರು ಯಾರೂ ಇರಲಿಲ್ಲ.