ಮುಚ್ಚಳವಿಲ್ಲದ ಚೀನಾ ಹೂಜಿ

ನಿವೃತ್ತ ಅಮಲ್ದಾರ್ ಶ್ರೀಕಂಠಯ್ಯನವರು ಹರಾಜಿನಲ್ಲಿ ಚಹದ ಹಳೇ ಚೀನಾ ಹೂಜಿಯೊಂದನ್ನು ಕೊಂಡು ತಂದರು. ಹಣ್ಣಿನ ಆಕಾರ, ಹಸಿರು ಬಣ್ಣ, ಸೊಂಡಿಲಿನಂಥ ಮೂತಿ. ಮುಚ್ಚಳ ಇಲ್ಲವೆಂದು ಅವರಿಗೆ ಕಂಡದ್ದು ಅದನ್ನು ಮನೆಯಲ್ಲಿ ತೊಳೆಸಿದ ಮೇಲೆ. ತೊಳೆದಿಟ್ಟವಳು ಪಾತ್ರೆ ತೊಳೆಯುವ ಚೌಡಮ್ಮ.

“ಮುಚ್ಚಳ ಕದ್ದ ಕಳ್ಳಿ!” ಎಂದು ಅಮಲ್ದಾರರು ಕೂಗಾಡಿದರು. “ಸಂಜೆ ನೆಂಟರು ಬರುತ್ತಾರೆ. ಅಷ್ಟರಲ್ಲಿ ತಂದಿಡು. ಇಲ್ಲದಿದ್ದರೆ ಪೊಲೀಸರಿಗೆ ಒಪ್ಪಿಸುತ್ತೇನೆ.”

ಕಳ್ಳಿ ಅನ್ನಿಸಿಕೊಂಡ ಮೇಲೆ ಆ ಬೀದಿಯಲ್ಲಿ ಇನ್ಯಾರು ಕೆಲಸ ಕೊಟ್ಟಾರು? ಚೌಡಮ್ಮ ಹೂಜಿಯನ್ನು ಎತ್ತಿಕೊಂಡು ಒಳಗೆ ಹೋದಳು.

ಸಂಜೆ ಅವಳು ನೆಂಟರೆದುರು ಹೂಜಿಯನ್ನು ತಂದಿಟ್ಟಳು. “ಮುಚ್ಚಳ ಎಲ್ಲಿ ಕೂರಬೇಕು, ತೋರಿಸಿ ಬುದ್ಧಿ.”

ಅಮಲ್ದಾರರು ಹೂಜಿಯ ನೆತ್ತಿಯ ಮೇಲೆ ಬೆರಳಾಡಿಸಿದರು. ನುಣ್ಣಗಿತ್ತು, ಒಂದು ತೂತೂ ಇಲ್ಲ. “ಓಹೋ, ಇದು ಬರೀ ಶೋಕಿಗೆ” ಎಂದು ಗೊಣಗಿದರು.

ಚೌಡಮ್ಮ ಹೂಜಿಯನ್ನು ಬಗ್ಗಿಸಿದಳು. ಬಿಸಿ ಚಹ ಬಟ್ಟಲಿಗೆ ಸುರಿಯಿತು.

“ಒಳಗೆ ಹೇಗಪ್ಪಾ ಹೋಯ್ತು?” ಎಂದರು ನೆಂಟರು. ಅಮಲ್ದಾರರು “ಹೇಳೇ!” ಎಂದು ಚೌಡಮ್ಮನನ್ನು ಗದರಿದರು.

“ಹೇಳ್ತೀನಿ. ಮೊದಲು ನಾನು ಕಳ್ಳಿ ಅಲ್ಲ ಅನ್ನಿ.”

“ಆಯ್ತು, ಅಲ್ಲ” ಎಂದರು, ಮೆಲ್ಲಗೆ.

“ಬೈದಾಗ ಬೀದಿಗೆಲ್ಲಾ ಕೇಳಿಸಿತ್ತು ಬುದ್ಧಿ.”

ನೆಂಟರೆಲ್ಲ ಅವರ ಮುಖವನ್ನೇ ನೋಡುತ್ತಿದ್ದರು. ಅಮಲ್ದಾರರು ಎದ್ದು ಬಾಗಿಲಿಗೆ ಹೋಗಿ ಕೂಗಿದರು: “ಚೌಡಮ್ಮ ಕಳ್ಳಿ ಅಲ್ಲ!” ಎದುರುಮನೆಯ ಕಿಟಕಿ ತೆರೆಯಿತು.

ಆಗ ಅವಳು, ದಿನಾ ತೊಳೆದ ಪಾತ್ರೆಗಳನ್ನು ಬೋರಲು ಹಾಕುವ ಹಾಗೆಯೇ, ಹೂಜಿಯನ್ನು ತಲೆಕೆಳಗು ಹಿಡಿದಳು. ಚಹ ಒಂದು ತೊಟ್ಟೂ ಚೆಲ್ಲಲಿಲ್ಲ. ತಳದಲ್ಲಿ ತೂತಿತ್ತು, ಚಹ ಹೊಯ್ಯಲು ಅಲ್ಲಿಂದ ಒಳಗೊಂದು ಕೊಳವೆ ನೆತ್ತಿಯ ಹತ್ತಿರದವರೆಗೂ ಹೋಗಿತ್ತು; ನೆಟ್ಟಗೆ ನಿಲ್ಲಿಸಿದರೆ ಚಹ ಅದರ ಬಾಯಿಗೆ ಎಟುಕದು.

“ನೀವೇ ಒಂದು ಸಲ ತೊಳೆದಿದ್ದರೆ ನಿಮಗೂ ಕಾಣ್ತಿತ್ತು ಬುದ್ಧಿ” ಅಂದಳು.